ಹೂವಿಲ್ಲದ ನಾರಿಗೆ ಸ್ವರ್ಗವಿಲ್ಲ



ಊರಿನಿಂದ ಯಾರೇ ಬರಲಿ, ಹಾಲೆಂಡಿನಲ್ಲಿರುವ ನಾವು ಅವರನ್ನು ಆಲ್ಸ್‌ಮೇರಿನ ಹೂವಿನ ಹರಾಜಿಗೆ ಕರೆದೊಯ್ಯದೆ ಬಿಡುವುದಿಲ್ಲ. ಮೇಲಿನ ಕಾಲುದಾರಿಯಲ್ಲಿ ನಿಲ್ಲಿಸಿ, ಕೆಳಗೆ ರೈಲಿನಂತೆ ಸಾಗುವ ಹೂವಿನ ಗಾಡಿಗಳನ್ನು ತೋರಿಸಿ, "ನೋಡಿ, ಎಲ್ಲಾ ಕಂಪ್ಯೂಟರ್! ನಮ್ಮ ರೈತರಿಗೆ ಯಾವಾಗ ಬುದ್ಧಿ ಬರುತ್ತದೋ" ಎಂದು ನಿಟ್ಟುಸಿರು ಬಿಡುತ್ತೇವೆ. ಹೋದ ವಸಂತದಲ್ಲಿ ಹೀಗೆ ಬಂದಿದ್ದ, ಕೋಲಾರದ ಕಡೆ ಟೊಮೆಟೊ ಬೆಳೆಯುವ ಹಿರಿಯರೊಬ್ಬರು ನಮ್ಮ ಭಾಷಣವನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಇದರ ಯಜಮಾನ ಯಾರಪ್ಪ?"

ನಾವು ತಡವರಿಸಿದೆವು. ಈಗ ನಮ್ಮ ಸಂಘದಲ್ಲಿ ಚಂದಾ ಎತ್ತಿ ಊರಿನ ತೋಟಗಾರರಿಗೆ ದಿನದ ದರ ತಿಳಿಸುವ ಮೊಬೈಲ್ ಆ್ಯಪ್ ಮಾಡಿಕೊಡುವ ಮಾತು ನಡೆದಿರುವಾಗ, ಆ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗಿದೆ.

ಯಜಮಾನರು ಬೆಳೆಗಾರರೇ. 1911-12ರಲ್ಲಿ, ಕಂಪ್ಯೂಟರಿನ ಹೆಸರೂ ಇಲ್ಲದ ಕಾಲದಲ್ಲಿ, ಇಲ್ಲಿನ ಬೆಳೆಗಾರರು ಒಟ್ಟುಗೂಡಿ ಎರಡು ಹರಾಜು ಕಟ್ಟಿಕೊಂಡರು. 1968ರಲ್ಲಿ ಅವು ಒಂದಾದವು. ಇಂದಿಗೂ ಅದು ಸಹಕಾರಿ ಸಂಘವೇ. ಗಡಿಯಾರದಲ್ಲಿ ದರ ಮೇಲಿನಿಂದ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಮಧ್ಯವರ್ತಿಯ ಗುಟ್ಟಿಗೆ ಅಲ್ಲಿ ಎಡೆಯಿಲ್ಲ. ಕಂಪ್ಯೂಟರ್ ಬಂದದ್ದು ಆಮೇಲೆ.

ಬಂದದ್ದೆಲ್ಲ ಗೆಲ್ಲಲೂ ಇಲ್ಲ. 1991ರಲ್ಲಿ ಇಲ್ಲಿನ ಇನ್ನೊಂದು ಹರಾಜು ಸಂಸ್ಥೆ ಗಿಡಗಳನ್ನು ಗೋದಾಮಿನಲ್ಲೇ ಬಿಟ್ಟು, ಪರದೆಯ ಮೇಲೆ ಚಿತ್ರ ತೋರಿಸಿ ಮಾರಲು ಹೊರಟಿತು. ಚಿತ್ರ ಚೆನ್ನಾಗಿರಲಿಲ್ಲ, ವ್ಯಾಪಾರಿಗಳಿಗೆ ಲಾಭ ಕಾಣಲಿಲ್ಲ, ಯೋಜನೆ ನಿಂತುಹೋಯಿತು. ಕೆಲವೇ ವರ್ಷಗಳಲ್ಲಿ ಹರಾಜುಗಳು ಆಮದು ಹೂವಿಗೆ ನಿರ್ಬಂಧ ಹೇರಿದಾಗ, ಆಫ್ರಿಕಾದ ಹೂವು ತರಿಸುತ್ತಿದ್ದ ಕಂಪನಿಯೊಂದು 1995ರಲ್ಲಿ ದೂರದಿಂದಲೇ ಕೊಳ್ಳುವ ಕಂಪ್ಯೂಟರ್ ಹರಾಜು ತೆರೆದು ಗೆದ್ದಿತು. ಹೆಚ್ಚುಕಡಿಮೆ ಒಂದೇ ತಂತ್ರಜ್ಞಾನ. ಮೊದಲನೆಯದು ತಂತ್ರದ ಮೋಹಕ್ಕೆ ಹುಟ್ಟಿತು. ಎರಡನೆಯದು, ಕೊಯ್ದ ಹೂವು ಕೈಯಲ್ಲಿಟ್ಟುಕೊಂಡು ಮಾರಲು ದಾರಿಯಿಲ್ಲದವರ ಅಗತ್ಯಕ್ಕೆ ಹುಟ್ಟಿತು.

2020ರ ಮಾರ್ಚ್ ನಮಗೆಲ್ಲ ನೆನಪಿದೆ. ಕೊರೊನಾ ಬಂದು ದರ ನೆಲಕಚ್ಚಿತು, ರಾಶಿ ರಾಶಿ ಹೂವು ಯಂತ್ರದ ಬಾಯಿಗೆ ಹೋಯಿತು. ಎಲ್ಲ ಕಂಪ್ಯೂಟರುಗಳಿದ್ದೂ ಹೀಗಾಯಿತು! ಆದರೆ ಕೂಡಲೇ ಯಾರು ಎಷ್ಟು ಹೂವು ತರಬಹುದು ಎಂಬುದಕ್ಕೆ ಮಿತಿ ಹಾಕಲಾಯಿತು. ಹಿಂದಿನ ವರ್ಷಗಳ ಲೆಕ್ಕ ಸಂಘದ ಬಳಿ ಇತ್ತು. ಆ ಲೆಕ್ಕದ ಮೇಲೆ ತೀರ್ಮಾನಿಸುವ ಅಧಿಕಾರವೂ ಇತ್ತು. ಕಾಲಕ್ಕೆ ತಕ್ಕಂತೆ ಹೊರಳುವ ಶಕ್ತಿ ಎಂದರೆ ಇದೇ. ಮಾಹಿತಿ ಒಂದು ಕೈ, ಒಗ್ಗಟ್ಟು ಇನ್ನೊಂದು ಕೈ. ಒಂದೇ ಕೈಯಲ್ಲಿ ಚಪ್ಪಾಳೆ ಆಗದು.

ಇನ್ನು ನಮ್ಮ ರೈತರಿಗೆ ಬುದ್ಧಿಯಿಲ್ಲ ಎನ್ನುವ ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ ಹೂವಿಗೆ ಎಲೆಕ್ಟ್ರಾನಿಕ್ ಹರಾಜು ಬಂದು ಎಷ್ಟೋ ವರ್ಷವಾಯಿತು. 2014ರಲ್ಲೇ ಕರ್ನಾಟಕ ತನ್ನ ಎಪಿಎಂಸಿ ಮಾರುಕಟ್ಟೆಗಳನ್ನು ಕಂಪ್ಯೂಟರಿನಿಂದ ಜೋಡಿಸಲು ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ದೇಶಕ್ಕೇ ಅದು ಮಾದರಿಯಾಯಿತು. ದರ ಇಂದು ಎಲ್ಲರ ಜೇಬಿನ ಫೋನಿನಲ್ಲೂ ಇದೆ. ಆದರೆ ಹಣ್ಣಾದ ಟೊಮೆಟೊ ಕಿತ್ತು 15 ಕಿಲೋ ಕ್ರೇಟಿಗೆ ತುಂಬಿದ ಮೇಲೆ, ದರ ಬಿದ್ದಿದೆ ಎಂದು ತಿಳಿದು ಆತ ಮಾಡುವುದೇನು? ಅದು ಮಾಹಿತಿಯಲ್ಲ, ಸಾವಿನ ಸುದ್ದಿ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿದ ಹಣ್ಣನ್ನೇ ಬೇರೆ ವರ್ಷಗಳಲ್ಲಿ ರಸ್ತೆಗೆ ಸುರಿದದ್ದನ್ನು ನಾವು ಕಂಡಿಲ್ಲವೇ?

ಬೇಕಾದ ಸುದ್ದಿ ಎರಡು ತಿಂಗಳು ಮೊದಲಿನದು. ಟೊಮೆಟೊ ಸಸಿ ನೆಟ್ಟು ಮೊದಲ ಕೊಯ್ಲಿಗೆ ಸುಮಾರು 60-70 ದಿನ ಬೇಕು. ಈಗ ಬಹುತೇಕ ರೈತರು ಸಸಿ ಕೊಳ್ಳುವುದು ನರ್ಸರಿಗಳಿಂದ. ಅಂದಮೇಲೆ ಯಾವ ವಾರ ಎಷ್ಟು ಹಣ್ಣು ಮಾರುಕಟ್ಟೆಗೆ ನುಗ್ಗೀತು ಎಂಬ ಭವಿಷ್ಯ ನರ್ಸರಿಯ ಬಿಲ್ ಪುಸ್ತಕದಲ್ಲೇ ಕೂತಿದೆ! ತಾಲ್ಲೂಕಿನ ನರ್ಸರಿಗಳ ವಾರದ ಲೆಕ್ಕ ಒಂದೆಡೆ ಕೂಡಿದರೆ, ನೆಡುವ ಮೊದಲೇ ಬೆಳೆಗಾರ ಎಚ್ಚರಗೊಳ್ಳಬಹುದು: ನಾಟಿ ಮುಂದೂಡಬಹುದು, ಬೀನ್ಸ್ ಹಾಕಬಹುದು, ದೂರದ ಖರೀದಿದಾರರನ್ನು ಮೊದಲೇ ಹುಡುಕಬಹುದು. ಇದಕ್ಕೆ ದೊಡ್ಡ ತಂತ್ರಾಂಶವೂ ಬೇಡ. ಆದರೆ ಆ ಲೆಕ್ಕ ರೈತರ ಸ್ವಂತ ಉತ್ಪಾದಕ ಸಂಘದ ಕೈಯಲ್ಲಿರಬೇಕು, ಕನ್ನಡದಲ್ಲಿರಬೇಕು. ವ್ಯಾಪಾರಿಯ ಕೈಗೆ ಮೊದಲು ಸಿಕ್ಕರೆ ಅದೇ ಲೆಕ್ಕ ರೈತನ ಕೊರಳಿಗೆ ಉರುಳು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರೆ ನಮ್ಮ ಹಿರಿಯರು. ಬೆಳೆಗಾರರ ಸಂಘ ಹೂವು, ಕಂಪ್ಯೂಟರ್ ನಾರು. ನಾವು ಸಾಫ್ಟ್‌ವೇರಿನವರು ನಾರು ಹೊಸೆಯುವುದರಲ್ಲಿ ಗಟ್ಟಿಗರು, ನಿಜ. ಬರೀ ನಾರು ಕಳಿಸಿ ಪುಣ್ಯ ಕಟ್ಟಿಕೊಳ್ಳುವ ಆಸೆ ಮಾತ್ರ ಬೇಡ.

ಆದ್ದರಿಂದ ಆ್ಯಪ್ ಯೋಜನೆಯನ್ನು ಕೈಬಿಡಬೇಕೆಂದು ನಮ್ಮ ವಾದ. ಅದೇ ಹಣದಲ್ಲಿ ಒಂದು ತಾಲ್ಲೂಕಿನ ಒಂದು ಉತ್ಪಾದಕ ಸಂಘಕ್ಕೆ ಎರಡು ವರ್ಷ ಲೆಕ್ಕ ಬರೆಯುವ ಒಬ್ಬ ಹುಡುಗಿಯದೋ ಹುಡುಗನದೋ ಸಂಬಳ ಕೊಡೋಣ. ಏನು ಬೇಕೆಂದು ಅವರು ಹೇಳಲಿ, ಆಮೇಲೆ ನಾವು ಕೀಲಿಮಣೆ ಮುಟ್ಟೋಣ. ರಾಜ್ಯೋತ್ಸವದ ದಿನ ಊಟವಾದ ಮೇಲೆ, ಅಂತ್ಯಾಕ್ಷರಿಗೆ ಮೊದಲು, ಅರ್ಧ ಗಂಟೆ ಇದಕ್ಕೆಂದು ಕೂರೋಣ. ಒಪ್ಪದವರು ತಪ್ಪದೆ ಬನ್ನಿ.

ಸಿರಿಗನ್ನಡಂ ಗೆಲ್ಗೆ.