ನಮ್ಮ ಕಟ್ಟೆ: ‘ಇಲ್ಲೆಲ್ಲ ಸೌಖ್ಯ’



ಊರಿನಿಂದ ಫೋನು ಬಂದಾಗ ನಾವೆಲ್ಲ ಮೊದಲು ಕೇಳುವ ಮಾತು ‘ಇಲ್ಲೆಲ್ಲ ಸೌಖ್ಯ’ ಎಂಬುದು. ಹಿಂದೆ ಕಾಗದದ ತಲೆಯ ಮೇಲೆ ‘ಕ್ಷೇಮ’ ಎಂದು ಬರೆಯುತ್ತಿದ್ದರು. ಈಗ ಅದನ್ನೇ ವಾಟ್ಸಾಪಿನಲ್ಲಿ ಹೇಳುತ್ತಾರೆ. ಆ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ಪ್ರಶ್ನೆ ಪರದೇಶದಲ್ಲಿ ಸಂಸಾರ ಹೂಡಿದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಈ ಸಲದ ಕಟ್ಟೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಆಡೋಣವೆಂದಿದ್ದೇವೆ. ಆದರೆ ಮಾತು ಶುರುವಾಗುವುದು ಊರಿನಿಂದಲ್ಲ, ರೋಮಿನಿಂದ.

2025ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸರನ್ನು ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ಸೇರಿಸಿದರು. ವಯಸ್ಸು 88. ಇಪ್ಪತ್ತೊಂದರ ಹರೆಯದಲ್ಲೇ ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡಿದ್ದ ದೇಹ. ಮೊದಲು ಬ್ರಾಂಕೈಟಿಸ್ ಎಂದರು. ನಾಲ್ಕು ದಿನಗಳಲ್ಲಿ ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ತಗಲಿದೆ ಎಂದು ತಿಳಿಸಿದರು. 21ರಂದು ವೈದ್ಯರು ಪತ್ರಕರ್ತರ ಮುಂದೆ ಕುಳಿತು, ಅವರಿನ್ನೂ ಅಪಾಯದಿಂದ ಪಾರಾಗಿಲ್ಲವೆಂದು ನೇರವಾಗಿ ಹೇಳಿದರು. ಮರುದಿನದ ಪ್ರಕಟಣೆಯಲ್ಲಿ ಸ್ಥಿತಿ ಚಿಂತಾಜನಕ ಎಂದೇ ಬಂತು. ಉಬ್ಬಸದಂಥ ಉಸಿರಾಟದ ತೊಂದರೆ, ಆಮ್ಲಜನಕ ಕೊಟ್ಟದ್ದು, ರಕ್ತ ಕೊಟ್ಟದ್ದು, ಅದರ ಮಾರನೆಯ ದಿನ ಮೂತ್ರಪಿಂಡ ಸ್ವಲ್ಪ ಸೋತದ್ದು, ಎಲ್ಲವನ್ನೂ ಬರೆದು ಹೊರಗೆ ಕಳಿಸಿದರು. ಸತ್ಯವನ್ನೇ ಹೇಳಬೇಕೆಂಬುದು ರೋಗಿಯ ಅಪೇಕ್ಷೆಯೆಂದು ವೈದ್ಯ ತಂಡದ ಮುಖ್ಯಸ್ಥರಾದ ಸೆರ್ಜಿಯೋ ಆಲ್ಫಿಯೇರಿ ತಿಳಿಸಿದ್ದರು.

ಇದರಲ್ಲಿ ಅಂಥ ವಿಶೇಷವೇನು ಎಂದು ತಾವು ಕೇಳಬಹುದು. ಪೋಪರಾದವರು ಸಾಯುವವರೆಗೂ ಆರೋಗ್ಯವಾಗಿಯೇ ಇರುತ್ತಾರೆ ಎಂದು ರೋಮಿನ ಜನ ಹಿಂದಿನಿಂದಲೂ ನಗೆಯಾಡುವುದುಂಟು. 1986ರ ಫೆಬ್ರವರಿಯಲ್ಲಿ ನಮ್ಮ ಮಂಗಳೂರಿಗೂ ಬಂದು ಹೋದ ಎರಡನೆಯ ಜಾನ್ ಪಾಲರ ಕೈ ನಡುಗುವುದನ್ನು ಮುಂದೆ ಲೋಕವೆಲ್ಲ ಟೆಲಿವಿಷನ್ನಿನಲ್ಲಿ ನೋಡುತ್ತಿತ್ತು. ಆದರೂ ಪಾರ್ಕಿನ್ಸನ್ ಎಂಬ ಹೆಸರನ್ನು ವ್ಯಾಟಿಕನ್ ವರ್ಷಗಟ್ಟಲೆ ಬಾಯಿಬಿಟ್ಟು ಹೇಳಲಿಲ್ಲ. ಅವರಿಗಿಂತ ಮೊದಲಿನವರಾದ ಒಂದನೆಯ ಜಾನ್ ಪಾಲರು ಪಟ್ಟಕ್ಕೆ ಬಂದ 33 ದಿನಗಳಲ್ಲೇ, 1978ರ ಸೆಪ್ಟೆಂಬರಿನಲ್ಲಿ, ರಾತ್ರಿ ಮಲಗಿದವರು ಏಳಲಿಲ್ಲ. ಬೆಳಗ್ಗೆ ಮೊದಲು ಕಂಡದ್ದು ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಸಂನ್ಯಾಸಿನಿ. ಪೋಪರ ಮಲಗುವ ಕೋಣೆಗೆ ಸ್ತ್ರೀಯೊಬ್ಬರು ಹೋದರೆಂದು ಹೇಳಲು ಸಂಕೋಚಪಟ್ಟು, ಕಂಡವರು ಕಾರ್ಯದರ್ಶಿ ಎಂದು ಪ್ರಕಟಿಸಿದರು. ಮುಚ್ಚಿಟ್ಟದ್ದು ಬಹಳ ಚಿಕ್ಕ ಸಂಗತಿ. ಆದರೆ ಅದು ಹೊರಬಿದ್ದ ಮೇಲೆ ಉಳಿದದ್ದನ್ನೂ ಜನ ನಂಬದಾದರು. ವಿಷವಿಕ್ಕಿದರು ಎಂಬ ಕಥೆ ಹುಟ್ಟಿತು, ಪುಸ್ತಕಗಳಾಗಿ ಲಕ್ಷಗಟ್ಟಲೆ ಮಾರಾಟವಾಯಿತು.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಬಯಲಿಗಿಡಬೇಕೆಂದು ನಮ್ಮ ವಾದವಲ್ಲ. 1958ರಲ್ಲಿ ಹನ್ನೆರಡನೆಯ ಪಯಸ್ ತೀರಿಕೊಂಡಾಗ ಅವರ ಸ್ವಂತ ವೈದ್ಯನೇ ಕೊನೆಗಾಲದ ಫೋಟೋಗಳನ್ನು ಪತ್ರಿಕೆಗಳಿಗೆ ಮಾರಿಕೊಂಡ. ಸಾಯುವವನ ಮಂಚದ ಸುತ್ತ ಒಂದು ಪರದೆ ಇರಬೇಕು. ಫ್ರಾನ್ಸಿಸರು ಆಸ್ಪತ್ರೆಯಲ್ಲಿದ್ದಾಗ ಹೊರಬಂದ ಒಂದು ಚಿತ್ರ ನಮಗೆ ನೆನಪಿದೆ: ಆಸ್ಪತ್ರೆಯ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕುಳಿತಿದ್ದಾರೆ, ಚಿತ್ರ ತೆಗೆದದ್ದು ಹಿಂಬದಿಯಿಂದ. ಇದ್ದಾರೆಂಬುದೂ ತಿಳಿಯಿತು, ಮುಖದ ನೋವು ಅವರದ್ದಾಗಿಯೇ ಉಳಿಯಿತು.

ಇನ್ನು ಪ್ರಾರ್ಥನೆಯ ವಿಷಯ. ಫೆಬ್ರವರಿ 24ರ ರಾತ್ರಿಯಿಂದ ಸಂತ ಪೇತ್ರರ ಚೌಕದಲ್ಲಿ ಜನ ಸೇರಿ ಜಪಮಾಲೆ ಎಣಿಸತೊಡಗಿದರು. ಮೊದಲ ದಿನ ಮುಂದೆ ನಿಂತವರು ಕಾರ್ಡಿನಲ್ ಪಿಯೆತ್ರೋ ಪರೋಲಿನ್. ಮಾರ್ಚ್ 6ರಂದು ಜಪಕ್ಕೆ ಮೊದಲು ಫ್ರಾನ್ಸಿಸರ ಧ್ವನಿಯನ್ನೇ ಚೌಕದಲ್ಲಿ ಕೇಳಿಸಿದರು. ತಮ್ಮ ಮಾತೃಭಾಷೆಯಾದ ಸ್ಪ್ಯಾನಿಷಿನಲ್ಲಿ, ಪ್ರಾರ್ಥಿಸುತ್ತಿರುವವರಿಗೆ ಕೃತಜ್ಞತೆ ಹೇಳುವ ಎರಡು ಮಾತು. ಧ್ವನಿ ಕ್ಷೀಣ, ಪದಪದಕ್ಕೂ ಏದುಸಿರು. ಗಟ್ಟಿ ಧ್ವನಿಯಲ್ಲಿ ಬೇರೊಬ್ಬರಿಂದ ಓದಿಸಬಹುದಿತ್ತು, ಓದಿಸಲಿಲ್ಲ. ಕೇಳಿದವರಿಗೆ ತಾವು ಯಾರಿಗಾಗಿ, ಯಾವುದಕ್ಕಾಗಿ ಜಪ ಮಾಡುತ್ತಿದ್ದೇವೆಂಬುದು ಆ ಏದುಸಿರಿನಿಂದಲೇ ತಿಳಿಯಿತು. 2013ರಲ್ಲಿ ಆಯ್ಕೆಯಾದ ರಾತ್ರಿ, ಜನರನ್ನು ಆಶೀರ್ವದಿಸುವ ಮೊದಲು ತಾವೇ ತಲೆಬಾಗಿ, ನನಗಾಗಿ ನೀವು ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದವರು ಅವರು.

ಆ ಜಪದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮರಿಯಮ್ಮನನ್ನು ನೆನೆಯುವ ಒಂದೇ ಪ್ರಾರ್ಥನೆ ಒಂದು ಸುತ್ತಿನಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರುತ್ತದೆ, ಅದರಲ್ಲಿ ನಮ್ಮ ಮರಣದ ಗಳಿಗೆಯ ಪ್ರಸ್ತಾಪವೇ ಇದೆ. ಗುಣವಾಗಲಿ ಎಂದು ಬೇಡುವ ಬಾಯಿಯೇ ಸಾವಿನ ಹೆಸರನ್ನೂ ಹೇಳುತ್ತದೆ, ಯಾರೂ ಅದನ್ನು ಅಪಶಕುನವೆಂದು ಬಗೆಯುವುದಿಲ್ಲ. ಬಿಡ್ತು ಅನ್ನು ಎಂದು ಬಾಯಿ ಮುಚ್ಚಿಸುವ ನಮಗೆ ಇದು ಯೋಚಿಸತಕ್ಕ ವಿಷಯ.

ಫೆಬ್ರವರಿ 28ರ ಸಂಕಟದಲ್ಲಿ, ಚಿಕಿತ್ಸೆ ನಿಲ್ಲಿಸಿ ಹೋಗಗೊಡಬೇಕೋ ಅಥವಾ ಇದ್ದಬದ್ದ ಔಷಧವನ್ನೆಲ್ಲ ಪ್ರಯೋಗಿಸಬೇಕೋ ಎಂಬ ಹಂತ ಬಂದಿತ್ತಂತೆ. ಕೈಬಿಡಬೇಡಿ, ಎಲ್ಲವನ್ನೂ ಮಾಡಿ ನೋಡಿ ಎಂದವರು ಅವರ ಶುಶ್ರೂಷಕರು. ಇದು ಹೊರಗೆ ತಿಳಿದದ್ದು 38 ದಿನಗಳ ನಂತರ ಅವರು ಮನೆಗೆ ಮರಳಿದ ಮೇಲೆ. ಹೇಳುವುದಕ್ಕೂ ಒಂದು ಹೊತ್ತು ಇದೆ, ಆದರೆ ಸುಳ್ಳನ್ನಂತೂ ಹೇಳಲಿಲ್ಲ. ಏಪ್ರಿಲ್ 20ರ ಈಸ್ಟರ್ ದಿನ ಮಹಡಿಯಿಂದ ಜನರಿಗೆ ದರ್ಶನ ಕೊಟ್ಟರು, ಚೌಕದಲ್ಲಿ ವಾಹನದಲ್ಲಿ ಒಂದು ಸುತ್ತು ಬಂದರು. ಮರುದಿನ ಬೆಳಗ್ಗೆ ಪಾರ್ಶ್ವವಾಯು ಬಡಿದು ತೀರಿಕೊಂಡರು.

ಈಗ ನಮ್ಮ ಮನೆಯ ಮಾತು. ಹಲವು ವರ್ಷಗಳ ಹಿಂದೆ ನಮ್ಮ ತಂದೆಯವರು ಊರಿನಲ್ಲಿ ಹಾಸಿಗೆ ಹಿಡಿದಾಗ ಎರಡು ತಿಂಗಳು ನಮಗೆ ತಿಳಿಸಿದ್ದು ‘ಸ್ವಲ್ಪ ನಿಶ್ಶಕ್ತಿ’ ಎಂದಷ್ಟೇ. ಅಣ್ಣನ ಉದ್ದೇಶ ಒಳ್ಳೆಯದೇ. ಅಷ್ಟು ದೂರದಲ್ಲಿರುವವರಿಗೆ ಯಾಕೆ ಗಾಬರಿ ಹುಟ್ಟಿಸಬೇಕು ಎಂದು. ಆ ಎರಡು ತಿಂಗಳು ನಾವೂ ದಿನಾ ದೇವರ ಮುಂದೆ ಕೈಮುಗಿದಿದ್ದೇವೆ. ಬೇಡಿಕೊಂಡದ್ದು ಮಗಳ ಕಾಲೇಜು ಪ್ರವೇಶಕ್ಕಾಗಿ. ಕೊನೆಗೆ ಸುದ್ದಿ ತಿಳಿದು, ಟಿಕೆಟ್ ಮಾಡಿಸಿ, ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ತಂದೆಯವರ ಮಾತು ನಿಂತಿತ್ತು. ‘ಅವನು ಯಾವಾಗ ಬರ್ತಾನೆ’ ಎಂದು ದಿನವೂ ಕೇಳುತ್ತಿದ್ದರಂತೆ. ‘ರಜೆ ಸಿಕ್ಕಿಲ್ಲವಂತೆ ಅಪ್ಪಾ’ ಎಂದು ಅಣ್ಣ ಹೇಳುತ್ತಿದ್ದನಂತೆ. ರಜೆಯನ್ನು ನಾವು ಕೇಳಿಯೇ ಇರಲಿಲ್ಲ.

ಅಣ್ಣನ ಮೇಲೆ ಸಿಟ್ಟು ಮಾಡಲು ನಮಗೆ ಅಧಿಕಾರವಿಲ್ಲ. ಇಲ್ಲಿ ನಮಗೆ ಶಸ್ತ್ರಚಿಕಿತ್ಸೆಯಾದಾಗ ನಾವೂ ತಾಯಿಯವರಿಗೆ ‘ಆಫೀಸಿನಲ್ಲಿ ಬಹಳ ಕೆಲಸ, ಫೋನು ಮಾಡಲಾಗಲಿಲ್ಲ’ ಎಂದೇ ಹೇಳಿದ್ದೆವು. ಆಗ ಅವರು ದೀಪ ಹಚ್ಚಿ ಏನೆಂದು ಬೇಡಿಕೊಂಡಿದ್ದಾರು? ಕೆಲಸ ಕಡಿಮೆಯಾಗಲಿ ಎಂದಿರಬೇಕು!

ಆದ್ದರಿಂದ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಈ ಸಲ ಊರಿಗೆ ಹೋದಾಗ, ಹಿರಿಯರು ನೆಟ್ಟಗಿರುವಾಗಲೇ ಅವರ ಪಕ್ಕದಲ್ಲಿ ಕುಳಿತು ಕೇಳಿ: ಕಾಯಿಲೆ ಬಿದ್ದರೆ ತಮಗೆ ಎಷ್ಟು ತಿಳಿಸಬೇಕು, ನಮಗೆ ಯಾರು ತಿಳಿಸಬೇಕು, ಹೊರಗಿನವರಿಗೆ ಏನು ಹೇಳಬೇಕು. ತನಗೇನೂ ತಿಳಿಯುವುದು ಬೇಡ ಎಂದು ಅವರು ಹೇಳಿದರೆ ಅದೂ ಅವರ ಇಷ್ಟವೇ. ಆದರೆ ಕೇಳಿ ತಿಳಿದಿರಲಿ. ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಬ್ಬರ ಹತ್ತಿರವಾದರೂ ಇದ್ದದ್ದನ್ನು ಇದ್ದಹಾಗೆ ಹೇಳುವ ಒಪ್ಪಂದ ಮಾಡಿಕೊಳ್ಳಿ. ನಮ್ಮ ಸಂಘದಲ್ಲಿ ಯಾರಿಗಾದರೂ ಹುಷಾರಿಲ್ಲದಾಗ, ಅವರ ಒಪ್ಪಿಗೆ ಪಡೆದು, ಅವರು ಹೇಳಬಹುದೆಂದಷ್ಟನ್ನು ತಿಳಿಸಿದರೆ, ಚರ್ಚಿಗೆ ಹೋಗುವವರು ಚರ್ಚಿನಲ್ಲಿ, ಮಸೀದಿಗೆ ಹೋಗುವವರು ಮಸೀದಿಯಲ್ಲಿ, ಮನೆಯಲ್ಲೇ ದೀಪ ಹಚ್ಚುವವರು ಮನೆಯಲ್ಲಿ ಆ ಹೆಸರು ಹಿಡಿದು ಬೇಡಿಕೊಳ್ಳಬಹುದು. ದೇವರನ್ನು ನಂಬದವರು ಒಂದು ಪಾತ್ರೆ ಸಾರು ಮಾಡಿ ತಂದುಕೊಡಬಹುದು; ಅದಕ್ಕೂ ಸುದ್ದಿ ತಿಳಿದಿರಬೇಕಲ್ಲ.

ತಮ್ಮ ಅನುಭವಗಳನ್ನು ಬರೆದು ಕಳಿಸಿ, ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಟ್ಟೆಯ ಮೇಲೆ ಸೇರೋಣ. ಅಲ್ಲಿಯವರೆಗೆ ಎಲ್ಲರೂ ಸೌಖ್ಯವಾಗಿರಿ, ಇಲ್ಲದಿದ್ದರೆ ಒಂದು ಫೋನು ಮಾಡಿ ತಿಳಿಸಿ.