ಪರರ ಪತ್ತೇದಾರ, ನಮ್ಮ ಪತ್ತೇದಾರ

ಗಚ್ಚಿಬೌಲಿಯ ಮಿತ್ರರ ಮನೆಯಲ್ಲಿ ಈಚೆಗೆ ನಾವು ನಾಲ್ಕಾರು ಕನ್ನಡಿಗರು ಷರ್ಲಾಕ್ ಹೋಮ್ಸನ ಹಳೆಯ ಟಿ.ವಿ. ಸರಣಿಯೊಂದನ್ನು ನೋಡುತ್ತಿದ್ದೆವು. ರೊನಾಲ್ಡ್ ಹೋವರ್ಡ್ ಅಭಿನಯದ, 1954ರಲ್ಲಿ ಅಮೆರಿಕದಲ್ಲಿ ಪ್ರಸಾರವಾಗತೊಡಗಿದ 39 ಕಂತುಗಳ ಸರಣಿಯದು. ಕಥೆ ಲಂಡನ್ನಿನದು, ನಿರ್ಮಾಪಕ ಶೆಲ್ಡನ್ ರೆನಾಲ್ಡ್ಸ್ ಅಮೆರಿಕದವನು, ಚಿತ್ರೀಕರಣ ಫ್ರಾನ್ಸಿನಲ್ಲಿ! “ಏನ್ರೀ ಇದು, ಎಲ್ಲವೂ ನಕಲಿ” ಎಂದು ಒಬ್ಬರು ನಕ್ಕರು.

ನಗುವ ಅಧಿಕಾರ ನಮಗಿದೆಯೇ? ಅನ್ಯದೇಶದ ಪತ್ತೇದಾರನಿಗಾಗಿ ಅವರು ಮೂರನೆಯ ದೇಶದಲ್ಲಿ ಲಂಡನ್ನನ್ನೇ ಕಟ್ಟಿದರು. ಬಂಗಾಳದ ಬ್ಯೋಮಕೇಶ ಬಕ್ಷಿಯನ್ನು ಬಾಸು ಚಟರ್ಜಿ 1993ರಲ್ಲಿ ದೂರದರ್ಶನಕ್ಕೆ ತಂದರು. ಹಿಂದಿಯಲ್ಲಿದ್ದರೂ ನಾವು ಕಣ್ಣರಳಿಸಿ ನೋಡಿದೆವು. ಈ ಊರಿನ ತೆಲುಗು ಹಿರಿಯರು ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರನನ್ನು ಇಂದಿಗೂ ಹೆಸರು ಹಿಡಿದು ನೆನೆಯುತ್ತಾರೆ.

ನಾವೋ? ಎನ್. ನರಸಿಂಹಯ್ಯನವರು ನಾಲ್ಕನೆಯ ತರಗತಿಯವರೆಗಷ್ಟೇ ಓದಿ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದಿನ ರುಚಿ ಕಂಡುಕೊಂಡ ಕನ್ನಡಿಗರಿಗೆ ಲೆಕ್ಕವಿಲ್ಲ. ನಾನೂ ಪಠ್ಯಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಓದಿದವನೇ. ಮುಂದೆ ಸ್ನಾತಕೋತ್ತರ ತರಗತಿಯಲ್ಲಿ ಅದನ್ನು ಹೇಳಿಕೊಳ್ಳಲು ನಾಚಿದವನೂ ನಾನೇ. ಆ ನಾಚಿಕೆಯನ್ನು ನನಗೆ ಕಲಿಸಿದ್ದು ನಮ್ಮ ವಿದ್ವತ್ತು. ಅಗ್ಗದ ಕಾಗದದ ಮೇಲೆ ಅಚ್ಚಾದದ್ದೆಲ್ಲ ಅಗ್ಗದ ಸಾಹಿತ್ಯವೆಂದು ಅದು ತೀರ್ಪಿತ್ತಿತು. ಕಾನನ್ ಡಾಯ್ಲ್ ಬರೆದದ್ದೂ ಜನಪ್ರಿಯ ಮಾಸಪತ್ರಿಕೆಗೇ ಎಂಬುದನ್ನು ಮರೆಯಿತು. ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು.

ನಮ್ಮ ಸಂಘದ ಕಪಾಟಿನಲ್ಲಿ ಹೋಮ್ಸನ ಅನುವಾದಗಳಿವೆ, ಪುರುಷೋತ್ತಮನಿಲ್ಲ. ಮುಂದಿನ ಖರೀದಿಪಟ್ಟಿಗೆ ಆತನ ಹೆಸರನ್ನು ಬರೆದುಕೊಟ್ಟಿದ್ದೇನೆ. ಸಮಿತಿಯಲ್ಲಿ ಅದನ್ನು ಯಾರು ಹೊಡೆದುಹಾಕುತ್ತಾರೋ ನೋಡೋಣ.