ಕಟ್ಟಿದವರಿಗೆ ಶಾಲು, ಕಾಪಾಡಿದವರಿಗೆ?

ಟಿಟ್ವಾಳಾದಿಂದ ಲೋಕಲ್ ಹತ್ತಿದರೆ ಕಲ್ಯಾಣ ಮೂರನೆಯ ನಿಲ್ದಾಣ. ಭಾರತದ ರೇಡಿಯೊ ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ಈ ಊರಿಗೊಂದು ಜಾಗವಿದೆ ಎಂದರೆ ಇಲ್ಲಿನ ಬಹಳಷ್ಟು ಜನ ನಂಬಲಿಕ್ಕಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಅವರ ತಂಡ 1965ರಲ್ಲಿ ಕಲ್ಯಾಣದ ಬಳಿ 32 ಪುಟ್ಟ ಡಿಶ್ ಆಂಟೆನಾಗಳನ್ನು ನಿಲ್ಲಿಸಿ ಸೂರ್ಯನ ರೇಡಿಯೊ ತರಂಗಗಳನ್ನು ಅಳೆಯಿತು. ಆ ಡಿಶ್‌ಗಳು ಹೊಸವಾಗಿರಲಿಲ್ಲ. ಆಸ್ಟ್ರೇಲಿಯಾದವರು ಸಿಡ್ನಿ ಬಳಿ ಬಳಸಿ ಬಿಟ್ಟಿದ್ದವು. ನಮ್ಮವರು ಅವಕ್ಕೆ ಬೇರೆ ರಿಸೀವರ್ ಜೋಡಿಸಿ 610 ಮೆಗಾಹರ್ಟ್ಸ್‌ನಲ್ಲಿ ದುಡಿಸಿಕೊಂಡರು.

ಮುಂದಿನ ಕಥೆ ಇರುವುದು ಮುರಬಾಡ್, ಮಾಳಶೇಜ್ ಘಾಟ್ ದಾಟಿದ ಮೇಲೆ ಸಿಗುವ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ. ಅಲ್ಲಿನ ಜಿಎಂಆರ್‌ಟಿಯಲ್ಲಿ ತಲಾ 45 ಮೀಟರ್ ಅಗಲದ 30 ಡಿಶ್‌ಗಳು ಸುಮಾರು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿಕೊಂಡಿವೆ. ಇದನ್ನು ರೂಪಿಸಿದವರೂ ಸ್ವರೂಪ್ ಅವರೇ. ಇದರ ಒಂದು ರಿಸೀವರ್ ವ್ಯವಸ್ಥೆ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಇಂಥ ಯಂತ್ರಕ್ಕೆ ಎರಡು ಆಯಸ್ಸು. ಉಕ್ಕಿನ ಡಿಶ್ ಬಣ್ಣ, ಗ್ರೀಸ್ ಕಾಣುತ್ತಿದ್ದರೆ ದಶಕಗಟ್ಟಲೆ ನಿಲ್ಲುತ್ತದೆ. ಅದರ ಹಿಂದಿನ ಎಲೆಕ್ಟ್ರಾನಿಕ್ಸ್ ಹತ್ತು ವರ್ಷಕ್ಕೆ ಮುದಿಯಾಗುತ್ತದೆ. ಬಿಡಿಭಾಗ ಸಿಗುವುದಿಲ್ಲ, ಸಾಫ್ಟ್‌ವೇರ್ ಗೊತ್ತಿದ್ದವರು ನಿವೃತ್ತರಾಗಿರುತ್ತಾರೆ. ಹಳೆಯದಕ್ಕೆ ತೇಪೆ ಹಾಕುವ ಬದಲು ಹೊಸದನ್ನೇ ಕಟ್ಟಿ ಎನ್ನುವವರು ಈ ವ್ಯತ್ಯಾಸ ಗಮನಿಸಬೇಕು.

ಜಿಎಂಆರ್‌ಟಿಯವರು ಡಿಶ್‌ಗಳನ್ನು ಹಾಗೇ ಉಳಿಸಿಕೊಂಡು ಫೀಡ್, ರಿಸೀವರ್, ಮೋಟಾರು ನಿಯಂತ್ರಣ, ಸಂಕೇತ ಸಂಸ್ಕರಿಸುವ ಕಂಪ್ಯೂಟರ್‌ಗಳನ್ನು ಬದಲಿಸಿದರು. ಒಮ್ಮೆಗೆ 32 ಮೆಗಾಹರ್ಟ್ಸ್ ಪಟ್ಟಿಯನ್ನಷ್ಟೇ ನೋಡುತ್ತಿದ್ದ ಉಪಕರಣ ಈಗ 400 ಮೆಗಾಹರ್ಟ್ಸ್‌ವರೆಗೆ ನೋಡುತ್ತದೆ. ಪಟ್ಟಿ ಅಗಲವಾದಷ್ಟೂ ಕ್ಷೀಣ ಸಂಕೇತ ಸಿಗುವ ಸಾಧ್ಯತೆ ಹೆಚ್ಚು. ಇಷ್ಟೆಲ್ಲ ನಡೆಯುವಾಗಲೂ ವೀಕ್ಷಣೆ ಸಾಗುತ್ತಲೇ ಇತ್ತು. ಹಳೆಯ ವ್ಯವಸ್ಥೆಯ ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿ, ಹೋಲಿಸಿ, ಸರಿ ಎನಿಸಿದ ಮೇಲೆ ಬದಲಾಯಿಸಿದರು. ಮನೆಮಂದಿ ಒಳಗಿರುವಾಗಲೇ ಮಾಡಿನ ಹೆಂಚು ಬದಲಿಸಿದ ಹಾಗೆ. ಚಾಲ್ತಿಯಲ್ಲಿರುವ ಸಾಫ್ಟ್‌ವೇರಿಗೆ ಕೈಹಾಕಿದ ಯಾರಿಗಾದರೂ ಇದರ ಕಷ್ಟ ಅರ್ಥವಾಗುತ್ತದೆ. 2023ರ ಜೂನ್‌ನಲ್ಲಿ ಪಲ್ಸರ್‌ಗಳ ಮೂಲಕ ಅತಿ ನಿಧಾನದ ಗುರುತ್ವ ಅಲೆಗಳ ಸುಳಿವು ಸಿಕ್ಕಿದೆ ಎಂದು ಜಗತ್ತಿನ ಹಲವು ತಂಡಗಳು ಸಾರಿದಾಗ, ಈ ನವೀಕೃತ ಜಿಎಂಆರ್‌ಟಿಯ ದತ್ತಾಂಶವೂ ಅದರಲ್ಲಿತ್ತು.

ಆದರೆ ನಮ್ಮಲ್ಲಿ ಉದ್ಘಾಟನೆಗೆ ಶಾಲು, ಹಾರ, ಫಲಕ ಉಂಟು. ನಿರ್ವಹಣೆಗೆ ಏನೂ ಇಲ್ಲ. ಎಷ್ಟೋ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಉಪಕರಣ ವಾರ್ಷಿಕ ನಿರ್ವಹಣಾ ಒಪ್ಪಂದ ಮುಗಿದ ಮರುವರ್ಷವೇ ಹೊದಿಕೆ ಹೊದ್ದು ಕೂರುತ್ತದೆ. ಕೊಳ್ಳಲು ಅನುದಾನವಿತ್ತು, ನಡೆಸಲು ಇರಲಿಲ್ಲ.

ಈ ಮಾತಿಗೆ ಈಗ ತುರ್ತು ಬಂದಿದೆ. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ ಎಸ್‌ಕೆಎ ದೂರದರ್ಶಕಕ್ಕೆ ಭಾರತ ಸರ್ಕಾರ 1,250 ಕೋಟಿ ರೂಪಾಯಿ ಒಪ್ಪಿದೆ. ಅದು 50 ವರ್ಷ ದುಡಿಯಬೇಕೆಂಬ ಲೆಕ್ಕ. ಅಂದರೆ ಅದರ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಹಲವು ಬಾರಿ ಬದಲಾಗಲೇಬೇಕು. ಆ ಕೆಲಸ ಬಲ್ಲವರು ಖೋಡದ್‌ನಲ್ಲಿ, ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಪಳಗಬೇಕು. ನಮ್ಮ ಎಂಟೆಕ್ ಹುಡುಗ ಹುಡುಗಿಯರು ಅತ್ತ ಹೊರಳಬೇಕಾದರೆ ಎರಡು ಕೆಲಸವಾಗಲಿ: ಉಪಕರಣಕ್ಕೆ ಮಂಜೂರಾಗುವ ಹಣದ ಜೊತೆಗೇ ಅದರ ನವೀಕರಣದ ಹಣವೂ ಕಾಯಂ ಬಾಬ್ತಾಗಿ ಬರಲಿ, ಬಡ್ತಿಯ ಅರ್ಜಿಯಲ್ಲಿ ಪ್ರಕಟಿಸಿದ ಪ್ರಬಂಧದಷ್ಟೇ ತೂಕ, ಯಂತ್ರವನ್ನು ನಿಲ್ಲದಂತೆ ನಡೆಸಿದ ವರ್ಷಗಳಿಗೂ ಸಿಗಲಿ.